ಸೋಮವಾರದ ಎತ್ತು

ನಮ್ಮ ಚಿತ್ತವಾಡ್ಗಿಯ ಗಾಣಿಗ ಉಜ್ಜಿನಪ್ಪ ಸೋಮವಾರ ಗಾಣಕ್ಕೆ ಎತ್ತು ಹೂಡಿದವನೇ ಅಲ್ಲ. ಅದು ಬಸವಣ್ಣನ ವಾರ. ಅಂದು, ಗಾಣ ಸುತ್ತುವಾಗ ಕಟ್ಟುವ ಕಣ್ಣಿನ ಬಟ್ಟೆ ಬಿಚ್ಚಿಸಿಕೊಂಡ ಎತ್ತು ನೆರಳಲ್ಲಿ ಮೆಲುಕು ಹಾಕುತ್ತಿತ್ತು. ಉಜ್ಜಿನಪ್ಪ ಪಕ್ಕದಲ್ಲೇ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಎಂಥ ಸಾಹುಕಾರ ಎಣ್ಣೆಗೆ ಬಂದರೂ 'ನಾಳೆ ಬರ್ರಿ' ಎಂದುಬಿಡುವನು.

ಆಮೇಲೆ ಹೊಸಪೇಟೆ ಸ್ಟೇಷನ್ನಿನ ಹತ್ತಿರ ಶೇಂಗಾ ಎಣ್ಣೆಯ ಮಿಲ್ಲು ಎದ್ದಿತು. ಗಿರಾಕಿಗಳೆಲ್ಲ ಅತ್ತ ಹೊರಳಿದರು. ಉಜ್ಜಿನಪ್ಪ ಎತ್ತು ಮಾರಿ ತಾನೂ ಅತ್ತಲೇ ಹೊರಳಿದ. ಗೋದಾಮಿನಿಂದ ಯಂತ್ರದವರೆಗೆ ಶೇಂಗಾ ಚೀಲದ ಕೈಗಾಡಿ ಎಳೆಯುವುದು ಅವನ ಪಾಲಿಗೆ ಬಂತು. ಮೊದಲೆಲ್ಲ ಯಾರೇ ಕೇಳಲಿ, 'ನಾನು ಗಾಣಿಗ' ಎನ್ನುತ್ತಿದ್ದವನು ಈಗ 'ಮಿಲ್ಲಿಗೆ ಹೋಗ್ತೀನ್ರಿ' ಎನ್ನತೊಡಗಿದ.

ಮೊದಲ ಭಾನುವಾರ ಮುಂಜಾನೆ ಹೋಗಿ ನೋಡಿದರೆ ಗೇಟಿಗೆ ಬೀಗ. ಇಂಗ್ಲಿಷ್ ದೊರೆಗಳ ಪದ್ಧತಿಯಂತೆ ಆ ದಿನ ರಜೆ ಎಂದು ಕಾವಲುಗಾರ ಹೇಳಿದ. 'ಕೆಲಸ ಬಿಡಾಕ ಇದ್ಯಾವ ದೇವರ ವಾರ' ಎಂದು ಗೊಣಗುತ್ತ ಉಜ್ಜಿನಪ್ಪ ಮನೆಗೆ ಮರಳಿದ. ಮರುದಿನ ಸೋಮವಾರ. ಅವನು ಮಿಲ್ಲಿನ ಕಡೆ ತಲೆಹಾಕಲಿಲ್ಲ.

ಮಂಗಳವಾರ ಅವನು ಗಾಡಿ ಎತ್ತುವಷ್ಟರಲ್ಲಿ ಮೇಸ್ತ್ರಿ ಜಡೆಪ್ಪ ಎದುರಿಗೆ ಬಂದು ನಿಂತ. 'ನಿನ್ನೆ ಎಲ್ಲಿ ಹೋಗಿದ್ದಿಲೇ?'

'ಸೋಮವಾರ ಅಲ್ಲೇನ್ರಿ. ಬಸವಣ್ಣಗ ಬಿಡುವು.'

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. 'ಬಿಡುವು ಎತ್ತಿಗೆ, ನಿನಗಲ್ಲ. ಈ ಮಿಲ್ಲಿನಾಗ ಎತ್ತು ಎಲ್ಲೈತಿ, ತೋರ್ಸು ನೋಡೋಣ.'

ಉಜ್ಜಿನಪ್ಪ ಗಾಡಿಯ ಅಡ್ಡಗೋಲನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ನಿಂತ.

'ನಿಮ್ಮ ಮುಂದನ ನಿಂತೈತಲ್ರಿ,' ಎಂದ. 'ಕಣ್ಣಿಗೆ ಬಟ್ಟೆ ಕಟ್ಟೋದೊಂದು ಬಾಕಿ.'