ಕಿಟಕಿಯ ಬೀನ್ಸ್ ಹೇಳಿದ ಮಾತು

ಲೊರೇನ್ ಸ್ಟೋಕೊ ಅವರಿಗೆ ಇವತ್ತು ತಮ್ಮ ಊಹೆ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತಿದೆ. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಸಮುದ್ರದ ಕಡೆಯಿಂದ ಇನ್ನೂ ಬೂದುಬಣ್ಣದ ಬೆಳಕು ಬರುತ್ತಿರುವಾಗಲೇ ತೋಟದ ಗೇಟು ತೆಗೆದು ಒಳಬಂದಿದ್ದಾರೆ. ಪಾಲಕ್ ಸಾಲಿನ ಪಕ್ಕ ಮಂಡಿಯೂರಿ, ಚಿಪ್ಪಿಲ್ಲದ ಬಸವನಹುಳುಗಳನ್ನು ಒಂದೊಂದಾಗಿ ಹೆಕ್ಕಿ ಬಕೆಟ್ಟಿಗೆ ಹಾಕುತ್ತಿದ್ದಾರೆ. ಕೈ ತನ್ನ ಪಾಡಿಗೆ ಎಲೆ ಮಗುಚುತ್ತದೆ, ಹುಳು ಹಿಡಿಯುತ್ತದೆ. ಮನಸ್ಸು ಮಾತ್ರ ಒಂದೇ ಕಡೆ ಸುತ್ತುತ್ತಿದೆ: ಹೇಳಿದರೆ ವಿಲ್ಫ್ ನೊಂದುಕೊಳ್ಳುತ್ತಾರೆ, ಹೇಳದೆ ಇದ್ದರೆ ಎಲ್ಲರ ಬೆಳೆ ಹೋಗುತ್ತದೆ.

ಇವತ್ತು ಗುಡ್ ಫ್ರೈಡೇ. ಥಾರ್ನ್‌ಲಾದ ಅಲಾಟ್‌ಮೆಂಟಿನಲ್ಲಿ ಆಲೂಗಡ್ಡೆ ನೆಡುವ ದಿನ. ಡರ್ಹಮ್ ಕರಾವಳಿಯ ಈ ಪುಟ್ಟ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಕಾಲವಾಯಿತು, ಚರ್ಚಿಗೆ ಹೋಗುವವರೂ ಕಡಿಮೆಯಾದರು. ಆದರೆ ಈ ಶುಕ್ರವಾರ ಆಲೂಗಡ್ಡೆ ನೆಡುವುದನ್ನು ಯಾರೂ ಬಿಟ್ಟಿಲ್ಲ. ಪುರಸಭೆಯಿಂದ ಬಾಡಿಗೆಗೆ ಪಡೆದ ತುಂಡು ತುಂಡು ನೆಲದಲ್ಲಿ ಎಲ್ಲರೂ ಕಾಲುವೆ ತೋಡುತ್ತಾರೆ, ತಳಕ್ಕೆ ಕುದುರೆ ಗೊಬ್ಬರ ಸುರಿಯುತ್ತಾರೆ, ಮೇಲೆ ಮೊಳಕೆಯ ಆಲೂಗಡ್ಡೆ ಇಟ್ಟು ಮಣ್ಣು ಎಳೆಯುತ್ತಾರೆ. ಆ ಗೊಬ್ಬರ ಕೊಡುವವರು ವಿಲ್ಫ್ ಟೆಲ್ಫರ್. ಎಂಬತ್ತು ದಾಟಿದ ಈ ಹಳೆಯ ಗಣಿ ಕಾರ್ಮಿಕನ ಬಳಿ ಎರಡು ಕುದುರೆಗಳಿವೆ. ಗೇಟಿನ ಪಕ್ಕದಲ್ಲಿ ಎದೆಯೆತ್ತರಕ್ಕೆ ಪೇರಿಸಿ, ಟಾರ್ಪಾಲು ಹೊದಿಸಿದ ಗುಡ್ಡೆ ಅವರದೇ. ಲೊರೇನ್ ಅವರ ಕಣ್ಣು ಆ ಕಡೆ ಹೋಗಿ ಮತ್ತೆ ಪಾಲಕ್ ಸಾಲಿಗೆ ಮರಳುತ್ತದೆ.

ಈ ತುಂಡು ನೆಲ ಮೊದಲು ಲೊರೇನ್ ಅವರ ಅಪ್ಪನದಾಗಿತ್ತು. ಅಪ್ಪ ಎಲ್ಲರಂತೆ ಪುಡಿ ಎರಚುತ್ತಿದ್ದರು, ಔಷಧಿ ಹೊಡೆಯುತ್ತಿದ್ದರು. ಮಗಳು ಶಾಲೆ ಮುಗಿಸಿದೊಡನೆ ಸೌತೆ ಬೆಳೆಯುವ ಗಾಜಿನ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಔಷಧಿ ಸಿಂಪಡಿಸುವುದೇ ಅಲ್ಲಿನ ಕೆಲಸ. “ಎಷ್ಟು ಸಲ ತಲೆ ತೊಳ್ಕೊಂಡ್ರೂ ಆ ವಾಸನೆ ಹೋಗ್ತಿರ್ಲಿಲ್ಲ,” ಎನ್ನುತ್ತಾರೆ ಲೊರೇನ್, ಹುಳುವೊಂದನ್ನು ಬಕೆಟ್ಟಿಗೆ ಜಾರಿಸುತ್ತ. “ಮದುವೆ ದಿನ ಮುಸುಕಿನೊಳಗೂ ಅದೇ ವಾಸನೆ. ಅಪ್ಪ ಹೋದ್ಮೇಲೆ ಈ ನೆಲ ನನ್ನ ಕೈಗೆ ಬಂತಲ್ಲ, ಇದ್ರೊಳಗೆ ಡಬ್ಬಿ ತರಲ್ಲ ಅಂತ ಅವತ್ತೇ ತೀರ್ಮಾನ ಮಾಡ್ದೆ. ಅಷ್ಟೇ. ದೊಡ್ಡ ಸಿದ್ಧಾಂತ ಗಿದ್ಧಾಂತ ಏನೂ ಇಲ್ಲ.”

ಮೊದಲ ವರ್ಷಗಳಲ್ಲಿ ಈ ನೆಲ ಅವರನ್ನು ಚೆನ್ನಾಗಿ ಆಡಿಸಿತು. ಎಲೆಕೋಸನ್ನು ಹುಳುಗಳು ಜಾಲರಿ ಮಾಡಿ ಬಿಟ್ಟವು. ಬಟಾಣಿಯನ್ನು ಪಾರಿವಾಳಗಳು ಊಟ ಮಾಡಿದವು. ಜೇಡಿಮಣ್ಣು ಮಳೆಗೆ ಸೋಪಿನಂತೆ ಜಾರುತ್ತಿತ್ತು, ಬಿಸಿಲಿಗೆ ಇಟ್ಟಿಗೆಯಾಗುತ್ತಿತ್ತು. ಚಳಿಗಾಲದ ಬಿರುಗಾಳಿ ಅಡಗಿದ ಮರುದಿನ ಸಮುದ್ರದ ದಂಡೆಗೆ ಹೋಗಿ ಕಡಲಪಾಚಿ ಹೊತ್ತು ತಂದರು. ತುರಚೆ ಗಿಡವನ್ನು ಪೀಪಾಯಿಯಲ್ಲಿ ಕೊಳೆಸಿ ಆ ನೀರು ಹೊಯ್ದರು. ಅದರ ನಾತಕ್ಕೆ ಪಕ್ಕದ ತುಂಡಿನವರು ಮೂಗು ಮುಚ್ಚಿಕೊಂಡು ಬೈದರು. ಶಾಲೆಯ ಅಡುಗೆಮನೆಯಲ್ಲಿ ಲೊರೇನ್ ಸಹಾಯಕಿ. ಅಲ್ಲಿನ ತರಕಾರಿ ಸಿಪ್ಪೆ, ಮೊಟ್ಟೆಯ ಓಡು ಎಲ್ಲ ಸೈಕಲ್ಲಿನ ಬುಟ್ಟಿಯಲ್ಲಿ ಇಲ್ಲಿಗೇ ಬಂದವು. ಈಗ ಮಣ್ಣಿಗೆ ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತದೆ. ಹಿಡಿ ಮಣ್ಣು ಎತ್ತಿ ಹಿಂಡಿ, ಮೂಗಿಗೆ ಹಿಡಿದು, ಕೆಳಗೆ ಬಿಡುತ್ತಾರೆ. ಮಾತು ಕಡಿಮೆಯ ಈ ಹೆಂಗಸಿಗೆ ಇಲ್ಲಿ ಅಂಜಿಕೆಯೇ ಇಲ್ಲ. ಯಾವಾಗ ಬಿತ್ತಬೇಕು, ಯಾವುದನ್ನು ಕೀಳಬೇಕು, ಯಾವುದನ್ನು ಸುಮ್ಮನೆ ಬಿಡಬೇಕು ಎಂದು ಅವರು ಯಾರನ್ನೂ ಕೇಳುವುದಿಲ್ಲ.

ಮಾತು ತಡವರಿಸುವುದು ಜನರ ಮುಂದೆ. ತೋಟದ ಸಂಘದ ಸಭೆಯಲ್ಲಿ ಚಹಾ ಮಾಡಿಕೊಟ್ಟು ಹಿಂದಿನ ಕುರ್ಚಿಯಲ್ಲಿ ಕೂರುವವರು ಲೊರೇನ್. ಕೈ ಎತ್ತಿದ್ದನ್ನು ಯಾರೂ ಕಂಡಿಲ್ಲ. ಆದರೂ ಈ ತೋಟವನ್ನು ಪ್ರತಿ ವಸಂತದಲ್ಲೂ ಕಾಯುವುದು ಅವರೇ, ಅದೂ ಯಾರೂ ಹೇಳದೆ. ವಿಲ್ಫ್ ಗೊಬ್ಬರ ತಂದು ಹಾಕಿದ ದಿನ ಲೊರೇನ್ ಒಂದು ಬಕೆಟ್ ತುಂಬಿಕೊಂಡು ಮನೆಗೆ ಹೋಗುತ್ತಾರೆ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಎರಡು ಸಾಲು ಕುಂಡ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಗೊಬ್ಬರ ಬೆರೆಸಿದ ಮಣ್ಣು. ಎರಡಕ್ಕೂ ಬೀನ್ಸ್ ಬೀಜ.

“ಕುದುರೆ ತಿನ್ನೋ ಹುಲ್ಲಿಗೆ ಕಳೆ ಸಾಯ್ಸೋ ಔಷಧಿ ಹೊಡ್ದಿದ್ರೆ ಕುದ್ರೆಗೆ ಏನೂ ಆಗಲ್ಲ,” ಎಂದು ವಿವರಿಸುತ್ತಾರೆ. “ಅದು ಹೊಟ್ಟೆ ದಾಟಿ ಲದ್ದಿಗೆ ಬರುತ್ತೆ. ಲದ್ದಿ ಎಷ್ಟು ಕೊಳೆತ್ರೂ ಅದು ಹಾಗೇ ಕೂತಿರುತ್ತೆ. ಅಂಥ ಗೊಬ್ಬರ ಹಾಕಿದ್ರೆ ಬೀನ್ಸ್, ಟೊಮೆಟೊ, ಆಲೂಗಡ್ಡೆ ಎಲ್ಲಾ ಮುದುರಿಕೊಳ್ತವೆ. ಕಣ್ಣಿಗೆ, ಮೂಗಿಗೆ ಏನೂ ಗೊತ್ತಾಗಲ್ಲ. ಬೀನ್ಸ್‌ಗೆ ಗೊತ್ತಾಗುತ್ತೆ.”

ಇಷ್ಟು ವರ್ಷ ಎರಡೂ ಸಾಲು ಒಂದೇ ಸಮ ಎದ್ದು ನಿಂತಿದ್ದವು. ಈ ವರ್ಷ ಗೊಬ್ಬರದ ಸಾಲಿನಲ್ಲಿ ಎಲೆಗಳು ಅರಳಲಿಲ್ಲ. ಹಸುಗೂಸಿನ ಮುಷ್ಟಿಯಂತೆ ಮುಚ್ಚಿಕೊಂಡು, ಜರೀಗಿಡದ ತುದಿಯಂತೆ ಸುರುಳಿಯಾದವು. ಲೊರೇನ್ ನಂಬಲಿಲ್ಲ. ಗುಡ್ಡೆಯ ಇನ್ನೊಂದು ಮಗ್ಗುಲಿನಿಂದ ತಂದು ಮತ್ತೆ ಬಿತ್ತಿದರು. ಮತ್ತೆ ಅದೇ ಸುರುಳಿ.

ಕಾರಣ ಅವರಿಗೆ ಗೊತ್ತು. ಕಳೆದ ಬೇಸಿಗೆಯಲ್ಲಿ ವಿಲ್ಫ್ ಅವರ ಸೊಂಟದ ಮೂಳೆಗೆ ಆಪರೇಷನ್ ಆಯಿತು. ತಮ್ಮ ಹೊಲದ ಹುಲ್ಲು ಕೊಯ್ಯಲಾಗಲಿಲ್ಲ, ಹೊರಗಿನಿಂದ ಒಣಹುಲ್ಲು ಕೊಂಡರು. ಅದನ್ನು ಹೆಮ್ಮೆಯಿಂದ ತೋರಿಸಿಯೂ ಇದ್ದರು: “ನೋಡು ಹುಡುಗೀ, ಒಂದೇ ಒಂದು ಕಳೆ ಇಲ್ಲ. ಹೆಣ್ಮಕ್ಕಳ ಜಡೆ ಹಾಗಿದೆ.” ಅರವತ್ತು ದಾಟಿದ ಲೊರೇನ್ ಅವರಿಗೆ ವಿಲ್ಫ್ ಬಾಯಲ್ಲಿ ಇಂದಿಗೂ ‘ಹುಡುಗಿ’ ಎಂದೇ ಹೆಸರು; ಅವರ ಅಪ್ಪನೊಡನೆ ಒಂದೇ ಸುರಂಗದಲ್ಲಿ ದುಡಿದವರು ವಿಲ್ಫ್. ಒಂದೂ ಕಳೆ ಇಲ್ಲದ ಹುಲ್ಲು ಎಂಬ ಮಾತು ಅವತ್ತೇ ಲೊರೇನ್ ಅವರ ಕಿವಿಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಹೇಳಲೆಂದು ಎರಡು ಸಲ ಅವರ ಮನೆ ಬಾಗಿಲಿಗೆ ಹೋಗಿದ್ದಾರೆ. ಎರಡು ಸಲವೂ ವಿಲ್ಫ್ ಚಹಾ ಕೊಟ್ಟರು, ಬಿಸ್ಕೆಟ್ ಡಬ್ಬಿ ಮುಂದಿಟ್ಟರು. “ಡಾಕ್ಟ್ರು ಕೂತ್ಕೋ ಅಂತಾರೆ. ಕೂತ್ರೆ ಯಾರಿಗೆ ಬೇಕು ಈ ಮುದುಕ? ಆ ಗುಡ್ಡೆ ಇದೆ ಅಂತ ತಾನೇ ನಾಲ್ಕು ಜನ ವಿಲ್ಫ್, ವಿಲ್ಫ್ ಅಂತಾರೆ,” ಎಂದರು. ಲೊರೇನ್ ಚಹಾ ಕುಡಿದು ಎದ್ದು ಬಂದರು.

ಬಿಸಿಲು ಬೀಳುವಷ್ಟರಲ್ಲಿ ತೋಟ ತುಂಬುತ್ತದೆ. ಯಾರೋ ಬಿಸಿ ಬನ್ನುಗಳ ತಟ್ಟೆ ತಂದಿದ್ದಾರೆ. ಒಂಟಿಗಾಲಿಯ ಕೈಗಾಡಿಗಳು ಗುಡ್ಡೆಯ ಮುಂದೆ ಸಾಲುಗಟ್ಟುತ್ತವೆ. ಪಕ್ಕದ ತುಂಡಿನ ಮ್ಯಾಲ್ಕಮ್ ಲೊರೇನ್ ಅವರ ಬಕೆಟ್ಟಿಗಾಗಿ ಕೈ ಚಾಚುತ್ತಾರೆ. ಆ ಹುಳುಗಳೆಲ್ಲ ಅವರ ಕೋಳಿಗಳ ಪಾಲು. ತರಕಾರಿ ಪಂದ್ಯಕ್ಕೆಂದು ತೊಡೆಗಾತ್ರದ ಲೀಕ್ ಈರುಳ್ಳಿ ಬೆಳೆಯುವ ಮ್ಯಾಲ್ಕಮ್‌ಗೆ ಔಷಧಿಯೆಂದರೆ ಪ್ರಾಣ, ಲೊರೇನ್‌ರನ್ನು ಕೆಣಕುವುದೆಂದರೆ ಇನ್ನೂ ಪ್ರಾಣ.

“ಬಂದ್ಳಪ್ಪಾ ಹುಳುಗಳ ಮಹಾತಾಯಿ! ಹುಳು ಸಾಯ್ಸೋ ನೀಲಿ ಗುಳಿಗೆ ಒಂದು ಹಿಡಿ ಎರಚಿದ್ರೆ ಇಷ್ಟೊತ್ತಿಗೆ ನೀನಿನ್ನೂ ಹಾಸಿಗೇಲಿ ಇರ್ತಿದ್ದೆ.”

“ನಿನ್ನ ಕೋಳಿ ಉಪವಾಸ ಬೀಳ್ತಿತ್ತು.”

“ಅದೂ ನಿಜ. ನಿನ್ನ ಬೀನ್ಸ್ ಜೋಯಿಸ್ರು ಏನಂದ್ರು ಈ ವರ್ಷ?”

ಲೊರೇನ್ ಗೇಟಿನ ಕಡೆ ತಿರುಗುತ್ತಾರೆ. ವಿಲ್ಫ್ ಕೋಲೂರಿಕೊಂಡು ಬರುತ್ತಿದ್ದಾರೆ. ಟೈ ಕಟ್ಟಿದ್ದಾರೆ, ಬೂಟಿಗೆ ಪಾಲಿಶ್ ಹಾಕಿದ್ದಾರೆ. ಮೊದಲ ಗಾಡಿಗೆ ಮೊದಲ ಗುದ್ದಲಿ ಗೊಬ್ಬರ ಅವರೇ ಎತ್ತಿ ಹಾಕಬೇಕು, ಆಮೇಲೆ ಉಳಿದವರದು. ಅದು ಇಲ್ಲಿನ ಪದ್ಧತಿ. ಮ್ಯಾಲ್ಕಮ್ ಟಾರ್ಪಾಲು ಸರಿಸುತ್ತಾರೆ. ಕಪ್ಪಗೆ, ಹುಡಿಹುಡಿಯಾದ, ಮಳೆ ಬಿದ್ದ ಕಾಡಿನ ವಾಸನೆಯ ಗೊಬ್ಬರ. “ಆಹಾ,” ಎನ್ನುತ್ತಾರೆ ಯಾರೋ. ವಿಲ್ಫ್ ಕೋಲನ್ನು ಪಕ್ಕಕ್ಕೊರಗಿಸಿ, ನಾಲ್ಕು ಹಲ್ಲಿನ ಗುದ್ದಲಿ ಹಿಡಿಯುತ್ತಾರೆ.

ಲೊರೇನ್ ಗಾಡಿಯ ಮೇಲೆ ಕೈ ಇಡುತ್ತಾರೆ. ರಾತ್ರಿಯೆಲ್ಲ ಹೊಸೆದಿಟ್ಟ ಒಂದು ಉಪಾಯ ಅವರ ಬಳಿ ಇದೆ. ಯಾರಿಗೂ ನೋವಾಗದಂಥದ್ದು.

“ವಿಲ್ಫ್, ಈ ವರ್ಷ ಬೇಡ. ಇನ್ನೂ ಹಸಿ ಇದೆ. ಕೊಳೀಬೇಕು.”

ವಿಲ್ಫ್ ಕಣ್ಣು ಕಿರಿದಾಗುತ್ತದೆ. “ಹಸೀನಾ? ಯಾರ ಗೊಬ್ಬರ, ನಂದಾ?” ಬಗ್ಗಿ ಒಂದು ಹಿಡಿ ಎತ್ತಿ ಲೊರೇನ್ ಅವರ ಅಂಗೈಗೆ ಸುರಿಯುತ್ತಾರೆ. “ಹಿಂಡು. ಮೂಸು. ಕ್ರಿಸ್‌ಮಸ್ ಕೇಕ್ ಹಾಗಿದೆ. ನಿಮ್ಮಪ್ಪ ಇದ್ದಿದ್ರೆ ತಟ್ಟೆಗೆ ಹಾಕ್ಕೊಂಡು ತಿಂದಿರೋನು!”

ಎಲ್ಲರೂ ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ, ಗೊಬ್ಬರ ಚೆನ್ನಾಗಿ ಕಳಿತಿರುವುದು ಕುರುಡನಿಗೂ ತಿಳಿಯುವಂತಿದೆ.

“ಅವಳಿಗೆ ಈಗ ಕುದುರೆ ಲದ್ದೀನೂ ಸಾವಯವ ಅಲ್ಲ ಅನ್ಸುತ್ತೆ ಕಣ್ರೋ,” ಎನ್ನುತ್ತಾರೆ ಮ್ಯಾಲ್ಕಮ್.

“ಒಂದು ವರ್ಷ ಕಾಯೋಣ ಅಷ್ಟೇ,” ಎನ್ನುತ್ತಾರೆ ಲೊರೇನ್.

ವಿಲ್ಫ್ ನಗುತ್ತಿಲ್ಲ. ಗುದ್ದಲಿಯನ್ನು ಗುಡ್ಡೆಗೆ ಚುಚ್ಚಿ, ಕೋಲು ಕೈಗೆತ್ತಿಕೊಳ್ಳುತ್ತಾರೆ. ಮುಖ ಕೆಂಪಾಗಿದೆ. “ಸರಿ ಬಿಡು. ಇಲ್ಲಿ ಬೇಡವಾದ್ರೆ ಬೇಡ. ನಿನ್ನ ಸ್ಕೂಲ್ನೋರು ಮಕ್ಕಳ ತೋಟಕ್ಕೆ ಗೊಬ್ಬರ ಬೇಕು ಅಂತ ಕೇಳ್ತಾನೇ ಇದ್ರು. ಇವತ್ತೇ ಹಾಕಿಸ್ತೀನಿ. ಆ ಹುಲ್ಲು ಮಾರಿದೋನಿಗೆ ಮುಂದಿನ ವರ್ಷಕ್ಕೂ ಹೇಳಿಟ್ಟಿದ್ದೀನಿ. ತಗೊಳ್ಳೋರು ಸಿಕ್ತಾರೆ.”

ಶಾಲೆಯ ಹಿತ್ತಲಿನ ಆ ತೋಟವನ್ನು ಲೊರೇನ್ ಬಲ್ಲರು. ಅಡುಗೆಮನೆಯ ಕಿಟಕಿಗೆ ನೇರ ಎದುರು. ಮಕ್ಕಳು ಅಲ್ಲಿ ಬಟಾಣಿ ಬಿತ್ತಿ, ದಿನಾ ಊಟದ ಸಾಲಿನಲ್ಲಿ ನಿಂತು “ಬಂತಾ ಮಿಸೆಸ್ ಸ್ಟೋಕೊ, ಬಂತಾ?” ಎಂದು ಕೇಳುತ್ತಾರೆ. ಯಾರನ್ನೂ ನೋಯಿಸಬಾರದೆಂದು ಆಡಿದ ಮಾತು ಈ ಗುಡ್ಡೆಯನ್ನು ನೇರ ಅಲ್ಲಿಗೇ ಕಳಿಸುತ್ತಿದೆ. ವಿಲ್ಫ್ ಬೆನ್ನು ತಿರುಗಿಸಿ ನಡೆಯತೊಡಗಿದ್ದಾರೆ. ಪಾಲಿಶ್ ಹಾಕಿದ ಬೂಟು ಕೆಸರಿನಲ್ಲಿ ಜಾರುತ್ತದೆ, ಯಾರೋ ತೋಳು ಹಿಡಿಯುತ್ತಾರೆ, ಅವರು ಕೊಡವಿಕೊಳ್ಳುತ್ತಾರೆ.

“ವಿಲ್ಫ್.”

ಇಷ್ಟು ಗಟ್ಟಿಯಾಗಿ ಲೊರೇನ್ ಮಾತಾಡಿದ್ದನ್ನು ಇಲ್ಲಿ ಯಾರೂ ಕೇಳಿಲ್ಲ. ಕೈಗಾಡಿಗಳ ಸದ್ದು ನಿಲ್ಲುತ್ತದೆ. ವಿಲ್ಫ್ ತಿರುಗಿ ನಿಲ್ಲುತ್ತಾರೆ. ಲೊರೇನ್ ಗುಡ್ಡೆಗೂ ಗಾಡಿಗಳ ಸಾಲಿಗೂ ನಡುವೆ ಬಂದು ನಿಂತಿದ್ದಾರೆ.

“ಹಸಿ ಅಂದಿದ್ದು ಸುಳ್ಳು. ನಿಮ್ಮ ಕೆಲ್ಸದಲ್ಲಿ ಒಂದು ಕೊರತೇನೂ ಇಲ್ಲ. ನೀವು ಕೊಂಡ್ಕೊಂಡ ಹುಲ್ಲಿಗೆ ಕಳೆ ಔಷಧಿ ಹೊಡ್ದಿದ್ರು, ನಿಮ್ಗೆ ಅದನ್ನ ಯಾರೂ ಹೇಳ್ಲಿಲ್ಲ. ನಾನು ಎರಡು ಸಲ ಬಿತ್ತಿ ನೋಡಿದ್ದೀನಿ. ಈ ಗೊಬ್ಬರದಲ್ಲಿ ವಿಷ ಇದೆ, ವಿಲ್ಫ್. ಇದು ಯಾರ ಮಣ್ಣಿಗೂ ಹೋಗಬಾರದು.”