ಎರಡು ಪೆಟ್ಟಿಗೆ ಮತ್ತು ಒಂದು ಸಹಿ

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹೊಸಬರು ಮೊದಲು ಮಾಡುವ ಕೆಲಸ ಸೀನುವುದು. ನಮಗೆ ಅದನ್ನು ನೋಡಿ ನಗು. ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಇಡೀ ಊರಿಗೆ ಘಾಟು ಹಬ್ಬಿದ್ದರೂ ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ಈ ಜಂಬವೇ ಮುಂದೆ ನನ್ನ ಮಾನ ಕಳೆಯಿತು.

ನನ್ನದು ಸಣ್ಣ ಉದ್ಯೋಗ. ಮೆಣಸಿನಕಾಯಿಯ ಖಾರದ ಸತ್ವವನ್ನು ಗ್ಯಾಸಿನ ಒತ್ತಡದಲ್ಲಿ ಡಬ್ಬಿಗೆ ತುಂಬಿ, ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವ ಸ್ಪ್ರೇ ಮಾಡಿ ಶ್ರೀಲಂಕಾಕ್ಕೆ ಕಳಿಸುತ್ತೇನೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿಯೊಳಗಿನ ಖಾರ ಗುಂಟೂರಿನದು, ಮೇಲಿನ ಹೆಸರು ಮಾತ್ರ ನಮ್ಮೂರಿನದು. ಅದನ್ನು ನಾನು ಸುಳ್ಳೆಂದು ಎಣಿಸಿರಲಿಲ್ಲ, ವ್ಯಾಪಾರ ಎಂದುಕೊಂಡಿದ್ದೆ.

ಒತ್ತಡದ ಡಬ್ಬಿಯನ್ನು ಹಡಗಿಗೆ ಹಾಕುವುದು ಉಪ್ಪಿನಕಾಯಿ ಕಳಿಸಿದಷ್ಟು ಸುಲಭವಲ್ಲ. ಪೆಟ್ಟಿಗೆಯ ಮೇಲೆ ಅಪಾಯದ ಗುರುತಿನ ಚೀಟಿ ಅಂಟಿಸಬೇಕು, ಒಳಗೇನಿದೆ ಎಂದು ಬರೆದುಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದು ಡಬ್ಬಿಯನ್ನೂ ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿ ನೋಡಬೇಕು. ಗುಳ್ಳೆ ಎದ್ದರೆ ಡಬ್ಬಿ ಸೋರುತ್ತಿದೆ ಎಂದರ್ಥ. ಅದ್ದಿ ನೋಡಿದವರು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಈ ಕೆಲಸಕ್ಕೆ ನನ್ನ ಶೆಡ್ಡಿನಲ್ಲಿ ಒಬ್ಬ ಅಕ್ಕ ಇದ್ದಳು. ಮನೆಯಲ್ಲಿ ಉರ್ದು ಮಾತು, ನಮ್ಮ ಜೊತೆ ಅಪ್ಪಟ ಬ್ಯಾಡಗಿ ಕನ್ನಡ. ನನ್ನಲ್ಲಿಗೆ ಬರುವ ಮುಂಚೆ ಇಪ್ಪತ್ತು ವರ್ಷ ಮಾರುಕಟ್ಟೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಓದು ಬರಹ ಬರುತ್ತಿರಲಿಲ್ಲ. ಹೊರದೇಶದ ಕಾಗದಕ್ಕೆ ಹೆಬ್ಬೆಟ್ಟು ನಡೆಯುವುದಿಲ್ಲ ಎಂದು ನಾನೇ ರಟ್ಟಿನ ಹಿಂಬದಿಯಲ್ಲಿ ಅವಳ ಮೂರಕ್ಷರದ ಹೆಸರು ಬರೆದು ತಿದ್ದಿಸಿದೆ. ಕಲಿತ ದಿನ ಆ ರಟ್ಟಿನ ತುಂಡನ್ನು ಮನೆಗೆ ಒಯ್ದಳು. ಆಮೇಲೆ ಮಗಳ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಹೋದರೂ ಪೆನ್ನೇ ಹಿಡಿಯುತ್ತಿದ್ದಳು. "ಬ್ಯಾಂಕಿನ್ಯಾಗ 'ಕುಂದ್ರಿ ಅಕ್ಕಾರ' ಅಂದ್ರರಿ," ಎಂದು ಬಂದು ಹೇಳಿದ್ದಳು.

ಒಂದು ಮಧ್ಯಾಹ್ನ ಬಂದರಿಗೆ ಹೋಗುವ ಲಾರಿ ಹಾವೇರಿಯ ಹೆದ್ದಾರಿಯಲ್ಲಿ ಕಾಯುತ್ತಿತ್ತು. ಚಾಲಕ ಮೂರು ಸಲ ಫೋನು ಮಾಡಿ ಬೈದಿದ್ದ. ಎರಡು ಪೆಟ್ಟಿಗೆಯ ಡಬ್ಬಿಗಳನ್ನು ಇನ್ನೂ ನೀರಿಗೆ ಅದ್ದಿರಲಿಲ್ಲ.

"ಅಣ್ಣಾರ, ಕಣ್ಣು ಉರಿಯಾಕತ್ತಾವ್ರಿ," ಎಂದಳು ಅಕ್ಕ. "ಇದ್ರಾಗ ಯಾವದೋ ಡಬ್ಬಿ ಸೋರಾಕತ್ತೈತಿ."

"ಬ್ಯಾಡಗ್ಯಾಗ ಕಣ್ಣು ಉರದ್ರ ಅದೂ ಒಂದು ಸುದ್ದಿ ಏನಕ್ಕಾ? ಲಗೂ ಸಹಿ ಮಾಡು, ಲಾರಿ ಹೋಗತೈತಿ."

"ನೀರಾಗ ಅದ್ದಿಲ್ಲಲ್ರಿ."

"ನಾ ಅದೀನಲ್ಲ. ಏನರ ಆದ್ರ ನನ್ನ ಮ್ಯಾಲ ಇರ್ಲಿ."

ನನ್ನ ಮಾತು ನಂಬಿ ಅವಳು ಸಹಿ ಮಾಡಿದಳು. ಇಪ್ಪತ್ತು ವರ್ಷ ಮೆಣಸಿನಕಾಯಿಯ ರಾಶಿಯ ನಡುವೆ ಕೂತೂ ಕಣ್ಣೊರೆಸಿಕೊಳ್ಳದವಳು ಕಣ್ಣು ಉರಿಯುತ್ತಿದೆ ಎಂದರೆ ಅದು ಊರಿನ ಘಾಟಲ್ಲ ಎಂದು ನನಗೆ ಹೊಳೆಯಬೇಕಿತ್ತು. ನಾನು ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದೆ.

ಬಂದರಿನ ಗೋದಾಮಿನಲ್ಲಿ ಆ ಎರಡರಲ್ಲೊಂದು ಪೆಟ್ಟಿಗೆ ಎತ್ತಿದ ಹಮಾಲನ ಮುಖ, ಸೋರಿದ ಖಾರ ತಗುಲಿ, ಊದಿಕೊಂಡು ಕಣ್ಣು ಮುಚ್ಚಿಹೋಯಿತಂತೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಪುಣ್ಯಕ್ಕೆ ದೃಷ್ಟಿ ಉಳಿಯಿತು. ಕೆಲವು ದಿನಗಳ ಮೇಲೆ, ಮಾಲು ಸಾಗಿಸುವ ಕಂಪನಿಯ ಅಧಿಕಾರಿಯೊಬ್ಬರು ನನ್ನ ಶೆಡ್ಡಿಗೆ ಬಂದರು. ಸೌಮ್ಯ ಮನುಷ್ಯ. ಚಹಾ ಕುಡಿದು, ಈ ಎರಡು ಪೆಟ್ಟಿಗೆ ಪರೀಕ್ಷೆ ಮಾಡಿದವರು ಯಾರು ಎಂದು ಕೇಳಿದರು.

ನಾನು ಸುಳ್ಳು ಹೇಳಲಿಲ್ಲ. ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಆ ಸಹಿಯ ಮೇಲೆ ಬೆರಳಿಟ್ಟೆ. ಅಕ್ಕ ತೊಟ್ಟಿಯ ಹತ್ತಿರ ನಿಂತಿದ್ದಳು. ಮೊದಲು ನನ್ನ ಬೆರಳು ನೋಡಿದಳು, ಆಮೇಲೆ ನನ್ನ ಮುಖ.

"ಹೌದ್ರಿ, ಸಹಿ ನಂದ ಐತಿ," ಎಂದಳು.

ಭಯಕ್ಕೆ ಬಾಯಿ ಕಟ್ಟಿತು ಎಂದು ಹೇಳಿಕೊಳ್ಳೋಣವೆಂದರೆ ಅದೂ ಸುಳ್ಳಾಗುತ್ತದೆ. ಆ ಅಧಿಕಾರಿಯನ್ನು ರಾಣೆಬೆನ್ನೂರಿನವರೆಗೆ ಬೈಕಿನಲ್ಲಿ ಬಿಟ್ಟು ಬಂದವನೂ ನಾನೇ. ದಾರಿಯುದ್ದಕ್ಕೂ ಬಾಯಿ ಚೆನ್ನಾಗಿಯೇ ಓಡುತ್ತಿತ್ತು. ಮಳೆ, ಗೋವಿನಜೋಳ, ಕುಮಾರಪಟ್ಟಣದ ಕಾರ್ಖಾನೆ ಎಂದು ಏನೇನೋ ಹೇಳಿದೆ. ಹೇಳಬೇಕಾದ ಒಂದು ಮಾತು ಬಿಟ್ಟು ಎಲ್ಲ ಹೇಳಿದೆ.

ಪರೀಕ್ಷೆ ಮಾಡುವವರನ್ನು ಬದಲಿಸಿದ್ದೇನೆ ಎಂದು ಬರೆದುಕೊಟ್ಟ ಮೇಲೆ ನನ್ನ ಮಾಲು ಮತ್ತೆ ಹಡಗು ಹತ್ತಿತು. ಬರಬೇಡ ಎಂದು ಅಕ್ಕನಿಗೆ ಹೇಳುವ ಪ್ರಸಂಗವೇ ಬರಲಿಲ್ಲ, ಅಧಿಕಾರಿ ಬಂದುಹೋದ ಮರುದಿನದಿಂದ ಅವಳೇ ಬರಲಿಲ್ಲ. ಸದ್ಯ, ಪೀಡೆ ತಪ್ಪಿತು ಎಂದುಕೊಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಆದರೆ ಅಂದು ಅಂದುಕೊಂಡದ್ದು ಅದನ್ನೇ.

ಕಳೆದ ವರ್ಷ ವರ್ತಕರೆಲ್ಲ ಸೇರಿ ಮಾರುಕಟ್ಟೆಯಲ್ಲಿ ದುಡಿಯುವ ಹೆಂಗಸರಿಗೆ ಕಣ್ಣು ತಪಾಸಣೆ ಮಾಡಿಸಿ ಕನ್ನಡಕ ಹಂಚಿದೆವು. ಹಂಚುವ ಮೇಜಿಗೆ ನನ್ನನ್ನು ಕೂರಿಸಿದ್ದರು. ಸಾಲಿನಲ್ಲಿ ಅಕ್ಕ ಬಂದಳು. ಮತ್ತೆ ತೊಟ್ಟು ಬಿಡಿಸುವ ಕೆಲಸಕ್ಕೇ ಹೋಗುತ್ತಿದ್ದಳು, ಉಗುರೆಲ್ಲ ಕೆಂಪಾಗಿತ್ತು. ನಾನು ತಲೆ ತಗ್ಗಿಸಿಯೇ ಪಟ್ಟಿಯನ್ನು ಮುಂದೆ ಸರಿಸಿ ಪೆನ್ನು ಕೊಟ್ಟೆ.

ಅವಳು ಪೆನ್ನು ಮುಟ್ಟಲಿಲ್ಲ. ಹೆಬ್ಬೆಟ್ಟು ಮುಂದೆ ಮಾಡಿದಳು.

"ನಿನಗ ಸಹಿ ಬರ್ತೈತಲ್ಲಕ್ಕಾ," ಎಂದೆ.

"ಬರತಿತ್ರಿ," ಎಂದಳು.

ಪಕ್ಕದಲ್ಲಿದ್ದ ಗುಮಾಸ್ತ ಶಾಯಿಯ ಡಬ್ಬಿ ತೆಗೆದುಕೊಟ್ಟ. ಅವಳು ಒತ್ತಿದಳು, ಕನ್ನಡಕ ತೆಗೆದುಕೊಂಡು ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ಹೋದಳು. ಹೆಬ್ಬೆಟ್ಟು ಒತ್ತಿದ ಕಡೆ ಸಾಕ್ಷಿಯ ಸಹಿ ಬೇಕಾಗುತ್ತದೆ ಎಂದು ಗುಮಾಸ್ತ ನೆನಪಿಸಿದ. ಮೇಜಿನ ಹತ್ತಿರ ಬೇರೆ ಯಾರೂ ಇರಲಿಲ್ಲ. ಅವಳಿಗೆ ಸಹಿ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನಾನು ಸಹಿ ಮಾಡಿದೆ.