ಕೂತು ನೋಡಿ ಎನ್ನುವವರ ಹಿಮ್ಮಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೋಫಾ ಅಕ್ಕ ಮಂಚದ ಅಂಚಿನಲ್ಲಿ ಕೂತು ಹಳೇ ಟವೆಲೊಂದನ್ನು ಬಲಗಾಲಿನ ಬೆರಳುಗಳಿಗೆ ಸಿಕ್ಕಿಸಿ, ಎರಡೂ ತುದಿ ಹಿಡಿದು ತಮ್ಮತ್ತ ಎಳೆದುಕೊಳ್ಳುತ್ತಾರೆ. ಮೀನಖಂಡ ಬಿಗಿಯುತ್ತದೆ, ಅಂಗಾಲು ಸೆಳೆಯುತ್ತದೆ. ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ಪಕ್ಕದಲ್ಲಿ ಮಲಗಿರುವ ಮಗಳು ಕಣ್ಣು ತೆರೆಯದೆಯೇ, "ಗಾಡಿ ಸ್ಟಾರ್ಟ್ ಆಯ್ತಾ ಅಮ್ಮಾ?" ಎನ್ನುತ್ತಾಳೆ. ಅಮ್ಮ ಟವೆಲನ್ನು ಪಕ್ಕಕ್ಕಿಡುತ್ತಾರೆ. ಹಲ್ಲು ಕಚ್ಚಿಕೊಂಡು ನೆಲಕ್ಕೆ ಕಾಲಿಡುತ್ತಾರೆ.

ಆ ಮೊದಲ ಹೆಜ್ಜೆಗೇ ಇಷ್ಟೆಲ್ಲ ತಯಾರಿ. ಹಿಮ್ಮಡಿ ನೋವು ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲದವರಿಗೆ ಹೇಳಿದರೂ ತಲೆಗೆ ಹೋಗುವುದಿಲ್ಲ. "ಮುಳ್ಳು ಚುಚ್ಚಿದ ಹಾಗೆ ಅಂತಾರೆ ಎಲ್ಲರೂ. ಮುಳ್ಳಾಗಿದ್ರೆ ಕಿತ್ತು ಬಿಸಾಕಬಹುದಿತ್ತಲ್ಲ," ಎನ್ನುತ್ತಾರೆ ಅಕ್ಕ. ಗೋಡೆ ಹಿಡಿದು, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ಅಡುಗೆಮನೆ ಸೇರುತ್ತಾರೆ. ಒಲೆಯ ಮುಂದೆ ಒಂದಿಷ್ಟು ಓಡಾಡಿದ ಮೇಲೆ ನೋವು ಹಿಂದೆ ಸರಿಯುತ್ತದೆ. ಹೋಗುವುದಿಲ್ಲ, ಹಿಂದೆ ಸರಿಯುತ್ತದೆ ಅಷ್ಟೇ. ಎಲ್ಲಾದರೂ ಸ್ವಲ್ಪ ಹೊತ್ತು ಕೂತು ಎದ್ದರೆ ಮತ್ತೆ ಅದೇ ಮೊದಲ ಹೆಜ್ಜೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆಯುವುದು ಪತ್ರಿಕೆಗಳ ರೂಢಿ. ಆದರೆ ಅಕ್ಕನ ಮುಖ ಊರಿನ ದೊಡ್ಡ ರಸ್ತೆಯಲ್ಲಿ, ಬಸ್ ನಿಲ್ದಾಣದ ನೆತ್ತಿಯ ಮೇಲೆ, ಮನೆಯಷ್ಟು ಎತ್ತರದ ಜಾಹೀರಾತು ಫಲಕದಲ್ಲಿದೆ. ಫಲಕದಲ್ಲಿ ಅವರು ಒರಗು ಕುರ್ಚಿಯೊಂದರಲ್ಲಿ ಕಾಲು ಚಾಚಿ ಕಣ್ಣು ಮುಚ್ಚಿದ್ದಾರೆ. 'ನಮ್ಮವರಿಗೇ ನಿದ್ದೆ ಬಂತು, ಇನ್ನು ನಿಮಗೆ?' ಎಂದು ಕೆಳಗೆ ಬರೆದಿದೆ. ಆ ನಿಲ್ದಾಣದಲ್ಲಿ ಕೂರಲು ಒಂದು ಬೆಂಚೂ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ, ನಿದ್ದೆ ಹೋಗಿರುವ ತಮ್ಮದೇ ಮುಖದ ಕೆಳಗೆ ಅಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಬಸ್ಸಿಗೆ ಕಾಯುತ್ತಾರೆ.

ಕೆಲಸ ಫರ್ನಿಚರ್ ಶೋರೂಮಿನಲ್ಲಿ, ಸೋಫಾ ಮಾರುವುದು; ಹೆಸರು ಬಂದದ್ದೂ ಅಲ್ಲಿಂದಲೇ. ಬಾಗಿಲು ತೆಗೆಯುವ ಮೊದಲು ಸೋಫಾಗಳ ಧೂಳು ಕೊಡವಬೇಕು, ದಿಂಬು ತಟ್ಟಿ ಉಬ್ಬಿಸಬೇಕು, ಗಾಜಿನ ಮೇಜುಗಳ ಮೇಲಿನ ಬೆರಳಚ್ಚು ಒರೆಸಬೇಕು. ಆಮೇಲೆ ರಾತ್ರಿ ಬಾಗಿಲು ಹಾಕುವವರೆಗೆ ಒಂದೇ ಮಂತ್ರ: ಕೂತು ನೋಡಿ ಸಾರ್, ಕೂತು ನೋಡಿ ಮೇಡಂ. ಎತ್ತ ತಿರುಗಿದರೂ ಕೂರುವ ವಸ್ತುವೇ. ಕೆಲಸದವರು ಮಾತ್ರ ಯಾವುದರ ಮೇಲೂ ಕೂರುವಂತಿಲ್ಲ. ಮೂಲೆಮೂಲೆಗೂ ಕ್ಯಾಮೆರಾ ಇದೆ. "ಕೆಲಸದವರು ಕೂತ ಸೋಫಾನ ಹೊಸದು ಅಂತ ಗಿರಾಕಿ ಹೇಗೆ ನಂಬ್ತಾರೆ?" ಎಂದು ಕೇಳುತ್ತಾರೆ ಮೇಲ್ವಿಚಾರಕರು. ಮಕ್ಕಳು ಬೂಟು ಹಾಕಿಕೊಂಡು ಅದೇ ಸೋಫಾಗಳ ಮೇಲೆ ಕುಣಿಯುವಾಗ ಅವರು ನಗುನಗುತ್ತ ನೋಡುತ್ತಿರುತ್ತಾರೆ.

ಕಾನೂನು ಮಾಡುವವರು ರಂಗೋಲಿ ಕೆಳಗೆ ನುಸುಳುವವರನ್ನು ಕಂಡಿರುವುದಿಲ್ಲ. ಇಲ್ಲಿನವರ ದಾರಿ ಮಂಚದ ಅಡಿ. ಮಂಚದ ಅಡಿ ನುಸುಳಿ ಕಾಲು ಚಾಚಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಾಲು ತಡೆಯದಾದಾಗ ಬಟ್ಟೆ ಹಿಡಿದು "ಅಡಿ ಒರೆಸಿ ಬರ್ತೀನಿ" ಎಂದರೆ ಸಾಕು, ಉಳಿದವರಿಗೆ ಅರ್ಥವಾಗುತ್ತದೆ. ಇನ್ನೊಬ್ಬರು ಬಂದು ಹಾಸಿಗೆಯ ಚಾದರ ಸರಿಮಾಡುವ ನೆಪದಲ್ಲಿ ಅಡ್ಡ ನಿಲ್ಲುತ್ತಾರೆ. "ನಮ್ಮಲ್ಲಿರೋಷ್ಟು ಚೊಕ್ಕವಾದ ಮಂಚದಡಿ ಯಾವ ಅಂಗಡೀಲೂ ಸಿಗಲ್ಲ. ಬೇಕಾದ್ರೆ ಬಗ್ಗಿ ನೋಡಿ," ಎಂದು ಅಕ್ಕ ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಕುಂಟುವುದು ಮೇಲ್ವಿಚಾರಕರ ಕಣ್ಣಿಗೆ ಬಿದ್ದೀತು ಎನ್ನುವುದು ಅಕ್ಕನ ದೊಡ್ಡ ಹೆದರಿಕೆ. ಇದೇ ಅಂಗಡಿಯಲ್ಲಿ ಮಂಚ ಮಾರುತ್ತಿದ್ದ ಹಿರಿಯರೊಬ್ಬರು, ಎಲ್ಲರ ಬಾಯಲ್ಲಿ ಮಂಚದ ಮಾವ, ಮಂಡಿ ಹಿಡಿದುಕೊಂಡು ನಡೆಯಲು ಶುರುಮಾಡಿದ ತಿಂಗಳಿಗೇ ಗೋದಾಮಿಗೆ ಹೋದರು. ಗೋದಾಮಿನಿಂದ ಮನೆಗೆ. ಗಂಡ ತೀರಿಹೋದ ಮೇಲೆ ಅಕ್ಕನ ಮನೆ ನಡೆಯುವುದು ಈ ಒಂದು ಕೆಲಸದಿಂದ. ಮಗಳ ಓದು ಇನ್ನೂ ಮುಗಿದಿಲ್ಲ. ಅದಕ್ಕೇ ಬೆಳಿಗ್ಗೆ ಉಳಿದವರಿಗಿಂತ ಮೊದಲು ಬಂದು, ಖಾಲಿ ಶೋರೂಮಿನ ಉದ್ದಕ್ಕೂ ಓಡಾಡಿ, ಹೆಜ್ಜೆ ನೆಟ್ಟಗಾದ ಮೇಲೆ ಮೇಲ್ವಿಚಾರಕರ ಕಣ್ಣಿಗೆ ಬೀಳುತ್ತಾರೆ.

ಸರಕಾರಿ ಆಸ್ಪತ್ರೆಯ ಡಾಕ್ಟರು ಎಲ್ಲ ವಿವರವಾಗಿಯೇ ಹೇಳಿದ್ದಾರೆ. ಗೋಡೆಗೆ ಕೈಯೊತ್ತಿ ಮೀನಖಂಡ ಚಾಚಿ, ಬರಿಗಾಲಲ್ಲಿ ಓಡಾಡಬೇಡಿ, ಮೆತ್ತನೆಯ ಚಪ್ಪಲಿ ಹಾಕಿ, ಬಹಳ ಹೊತ್ತು ನಿಲ್ಲಬೇಡಿ. "ಬಹಳ ಹೊತ್ತು ನಿಲ್ಲಬೇಡಿ ಅಂತ ಕೇಳಿಸ್ಕೊಳ್ಳೋಕೆ ಅರ್ಧ ದಿನ ಸಾಲಲ್ಲಿ ನಿಂತಿದ್ದೆ," ಎನ್ನುತ್ತಾರೆ ಅಕ್ಕ. ಮೆತ್ತನೆಯ ಚಪ್ಪಲಿಗೆ ಅಂಗಡಿಯಲ್ಲಿ ಅವಕಾಶವಿಲ್ಲ, ಸಮವಸ್ತ್ರದ ಕಪ್ಪು ಬೂಟೇ ಆಗಬೇಕು. ಅದರ ಅಟ್ಟೆಯೋ, ರಟ್ಟಿನಷ್ಟು ಗಟ್ಟಿ. ಗಿರಾಕಿಗಳು ಒತ್ತಿ ನೋಡಲೆಂದು ಇಟ್ಟ ಹಾಸಿಗೆ ಫೋಮಿನ ನಮೂನೆಗಳು ಹಳತಾದಾಗ ಕಸಕ್ಕೆ ಹೋಗುತ್ತವೆ. ಅದರಿಂದ ಒಂದು ತುಂಡು ಹೆಕ್ಕಿ, ಹಿಮ್ಮಡಿಯ ಅಳತೆಗೆ ಕತ್ತರಿಸಿ ಬೂಟಿನೊಳಗೆ ಇಟ್ಟುಕೊಂಡಿದ್ದಾರೆ. ಸಂಜೆಯಾಗುವಷ್ಟರಲ್ಲಿ ಅದೂ ಚಪ್ಪಟೆಯಾಗಿರುತ್ತದೆ.

ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿಟ್ಟ ನೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಹಿಂದೆ ಮುಂದೆ ಉರುಳಿಸುತ್ತಾರೆ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರಟು ಕಲ್ಲಿನಿಂದ ಬಿರುಕುಗಳ ಅಂಚನ್ನು ಹದವಾಗಿ ಉಜ್ಜಿ, ಬೆರಳ ಸಂದಿಯ ತೇವ ಒರೆಸಿ, ಮುಲಾಮು ಹಚ್ಚಿ ಕಾಲುಚೀಲ ಹಾಕಿಕೊಳ್ಳುತ್ತಾರೆ. ಒಮ್ಮೊಮ್ಮೆ ಮಗಳೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾಳೆ. "ಮಗಳ ಕೈಲಿ ಕಾಲು ಒತ್ತಿಸ್ಕೊಳ್ಳೋಕೆ ನಾಚಿಕೆ ಆಗುತ್ತೆ. ಆದ್ರೆ ಬೇಡ ಅನ್ನೋಕೂ ಮನಸ್ಸು ಬರಲ್ಲ," ಎನ್ನುತ್ತಾರೆ.

ಒಂದು ಸ್ಟೂಲು. ಅಕ್ಕ ಕೇಳಿದ್ದು ಅಷ್ಟೇ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕಂಬದ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಕೂರಲು ಒಂದು ಸ್ಟೂಲು ಕೊಡಿ ಎಂದು ಮಾಲೀಕರನ್ನು ಕೇಳಿದ್ದರು. ನೋಡೋಣ ಎಂದರು ಮಾಲೀಕರು. ನೋಡುತ್ತಲೇ ಇದ್ದಾರೆ.

ಫಲಕಕ್ಕೆ ಕಾರಣವಾದ ಸಂಗತಿ ನಡೆದದ್ದು ಅದಾದ ಮೇಲೆ. ವಯಸ್ಸಾದ ಹೆಂಗಸೊಬ್ಬರು ಒರಗು ಕುರ್ಚಿ ನೋಡಲು ಬಂದರು. ಹಿಡಿ ಎಳೆದರೆ ಬೆನ್ನು ಹಿಂದಕ್ಕೆ ವಾಲಿ ಕಾಲಿನ ಹಲಗೆ ಮೇಲೇಳುವ ಕುರ್ಚಿ. "ನನಗೆ ಭಯ ಕಣಮ್ಮ, ನೀನೇ ಕೂತು ತೋರಿಸು," ಎಂದರು. ಅಕ್ಕ ಕ್ಯಾಮೆರಾ ಕಡೆ ನೋಡಿದರು, ಅಜ್ಜಿಯ ಮುಖ ನೋಡಿದರು, ಬೂಟು ಕಳಚಿ ಕೂತರು. ಹಲಗೆ ಮೇಲೆದ್ದು ಎರಡೂ ಪಾದ ನೆಲ ಬಿಟ್ಟವು. "ಎಲ್ಲರೂ ನಿದ್ದೆ ಅಂತಾರೆ. ನಿದ್ದೆ ಬಂದಿರಲಿಲ್ಲ ನನಗೆ. ನೋವು ಹೋಗಿತ್ತು. ಇಷ್ಟು ವರ್ಷ ಆದ್ಮೇಲೆ ನೋವು ಹೋದ್ರೆ ಕಣ್ಣು ತಾನಾಗೇ ಮುಚ್ಚುತ್ತೆ." ಆ ಅಜ್ಜಿ ತಾಯಿಹೃದಯದವರು. ಯಾರೂ ಎಬ್ಬಿಸಬೇಡಿ ಎಂದು ತುಟಿಯ ಮೇಲೆ ಬೆರಳಿಟ್ಟುಕೊಂಡು ಪಕ್ಕದಲ್ಲೇ ನಿಂತರಂತೆ.

ಮೇಲ್ವಿಚಾರಕರು ಎಲ್ಲರೆದುರು ಮಾನ ಹರಾಜು ಹಾಕಿದರು, ಮುಂದಿನ ವಾರದ ರಜೆ ಕಿತ್ತುಕೊಂಡರು. ಕೆಲಸ ಹೋಯಿತೆಂದೇ ಅಕ್ಕ ಅಂದುಕೊಂಡಿದ್ದರು. ಆದರೆ ಜಾಹೀರಾತು ನೋಡಿಕೊಳ್ಳುವ ಮಾಲೀಕರ ಅಳಿಯನಿಗೆ ಕ್ಯಾಮೆರಾದ ಆ ಚಿತ್ರ ಹಿಡಿಸಿಬಿಟ್ಟಿತು. ಹೀಗೆ, ಯಾವ ತಪ್ಪಿಗೆ ರಜೆ ಕಳೆದುಕೊಂಡರೋ ಅದೇ ತಪ್ಪು ಫಲಕವನ್ನೇರಿತು. ರಜೆ ವಾಪಸ್ ಬರಲಿಲ್ಲ. ಫಲಕ ಹಾಕಿದ ದಿನ ಅಮ್ಮನ ಜೊತೆ ನೋಡಲು ಹೋದ ಮಗಳು ಕತ್ತೆತ್ತಿ ನೋಡಿ, "ಅಮ್ಮಾ, ಅದು ನಿನ್ನ ಕಾಲಲ್ಲ," ಎಂದಳು. ನಿಜ. ಬಿರುಕು ಬಿಟ್ಟ ಪಾದ ಚೆನ್ನಾಗಿ ಕಾಣುವುದಿಲ್ಲವೆಂದು ಯಾರದ್ದೋ ನುಣುಪಾದ ಪಾದ ತಂದು ಅಂಟಿಸಿದ್ದರು.

ಅಂದಿನಿಂದ ಅಕ್ಕನಿಗೆ ಕೂರುವ ಭಾಗ್ಯವೂ ಬಂತು. ಗಿರಾಕಿಗಳು ಬಂದು "ಆ ನಿದ್ದೆ ಮಾಡೋ ಅಕ್ಕ ನೀವೇನಾ?" ಎಂದು ಫೋಟೊ ಕೇಳುತ್ತಾರೆ. ಮೇಲ್ವಿಚಾರಕರು ಕಣ್ಸನ್ನೆ ಮಾಡುತ್ತಾರೆ. ಕೂರಬೇಕು, ಕಣ್ಣು ಮುಚ್ಚಬೇಕು, ಫೋಟೊ ಆದ ತಕ್ಷಣ ಏಳಬೇಕು. ಎದ್ದ ಮೇಲೆ ಮೊದಲ ಹೆಜ್ಜೆ. ಬೆಳಿಗ್ಗೆ ಒಮ್ಮೆ ಹಲ್ಲು ಕಚ್ಚಿ ಮುಗಿಸಿದ್ದನ್ನು ಈಗ ಗಿರಾಕಿ ಬಂದಾಗಲೆಲ್ಲ ಮಾಡಬೇಕು, ಅದೂ ನಗುಮುಖದಿಂದ. ಕಷ್ಟ ಆಗುತ್ತದೆ ಎಂದು ಹೇಳಿದ್ದಕ್ಕೆ ಮೇಲ್ವಿಚಾರಕರು, "ಕೂರಿಸ್ತಾ ಇದೀವಲ್ಲ, ಇನ್ನೇನ್ ಬೇಕು ನಿಮಗೆ?" ಎಂದರಂತೆ.

ಈ ಭಾನುವಾರ ಅಂಗಡಿ ಗಿಜಿಗುಡುತ್ತಿದೆ. ಕೂಸನ್ನೆತ್ತಿಕೊಂಡ ದಂಪತಿ ಫೋಟೊ ಕೇಳುತ್ತಾರೆ. ಅಕ್ಕ ಕೂರುತ್ತಾರೆ, ಕಣ್ಣು ಮುಚ್ಚುತ್ತಾರೆ. ಫೋಟೊ ಆಗುತ್ತದೆ. ಅಕ್ಕ ಏಳುವುದಿಲ್ಲ. ಮೇಲ್ವಿಚಾರಕರು ಕೆಮ್ಮುತ್ತಾರೆ. "ಇನ್ನೊಂದು ತೆಗೀರಿ, ಇದು ಸರಿ ಬಂದಿರಲ್ಲ," ಎನ್ನುತ್ತಾರೆ ಅಕ್ಕ. ಅದೂ ಆಗುತ್ತದೆ. ಇನ್ನೊಂದು ಎನ್ನುತ್ತಾರೆ. ಗಾಜಿನ ಕೋಣೆಯಿಂದ ಮಾಲೀಕರೇ ಎದ್ದು ಬರುತ್ತಾರೆ. ಅಕ್ಕ ಕಣ್ಣು ತೆರೆದು, ದನಿ ಏರಿಸದೆ, "ಸ್ಟೂಲ್ ಕೊಡಿಸ್ತೀನಿ ಅಂದ್ರೆ ಏಳ್ತೀನಿ ಸಾರ್," ಎನ್ನುತ್ತಾರೆ. ಗಿರಾಕಿಗಳೆಲ್ಲ ತಿರುಗಿ ನೋಡುತ್ತಾರೆ. ಮಾಲೀಕರು ಹಲ್ಲು ಕಿರಿದು, "ಆಯ್ತಮ್ಮ, ಕೊಡಿಸೋಣ," ಎನ್ನುತ್ತಾರೆ.

ಮರುದಿನವೇ ಅಕ್ಕನನ್ನು ಗೋದಾಮಿಗೆ ಹಾಕಿದ್ದಾರೆ. ಅಲ್ಲಿ ಸ್ಟೂಲು ಬೇಕಾದಷ್ಟಿವೆ, ಕಾಲು ಮುರಿದು ವಾಪಸ್ ಬಂದವು. ಒಂದಕ್ಕೆ ಇಟ್ಟಿಗೆಯ ಆಸರೆ ಕೊಟ್ಟು ಅಕ್ಕ ಕೂತಿದ್ದಾರೆ. ಗೋದಾಮಿನ ನಂತರದ ದಾರಿ ಎಲ್ಲಿಗೆಂದು ಅವರಿಗೆ ಚೆನ್ನಾಗಿ ಗೊತ್ತು. ಮಗಳಿಗೆ ಇನ್ನೂ ಹೇಳಿಲ್ಲ. ದೊಡ್ಡ ರಸ್ತೆಯ ಫಲಕವನ್ನು ಯಾರೂ ಇಳಿಸಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬೂಟಿನೊಳಗಿನ ಫೋಮಿನ ತುಂಡನ್ನು ತೆಗೆದು ಕೊಡವುತ್ತಾರೆ.

"ಆ ಫಲಕದಲ್ಲಿ ಮುಖ ಬೇಕಾದ್ರೆ ಯಾರದ್ದಾದ್ರೂ ಹಾಕ್ಕೊಳ್ಳಲಿ. ಕಾಲು ಮಾತ್ರ ನನ್ನದು ಹಾಕಲಿ. ಇಷ್ಟು ವರ್ಷ ಅಂಗಡೀಲಿ ನಿಂತಿದ್ದು ಅದು ತಾನೆ."